ಅಟ್ಟದ ಟ್ರಂಕು, ಮೊದಲನೇ ಮುದ್ರಣ

ಮೊನ್ನೆ ಕರ್ಕಿಯಿಂದ ಅತ್ತಿಗೆ ಫೋನ್ ಮಾಡಿತ್ತು. “ಮಳೆಗಾಲ ಮುಗ್ದು ಹೋತು, ಅಟ್ಟ ಚೊಕ್ಕ ಮಾಡ್ತಾ ಇದ್ದಿ. ಹಳೇ ಪುಸ್ತಕ ಎರಡು ಚೀಲ ಇದ್ದು. ರದ್ದಿಯವ ನಾಳೆ ಬತ್ತ. ನಿಂಗೆ ಎಂತಾದ್ರೂ ಬೇಕಾ?” ಹೇಳಿ ಕೇಳ್ತು. ಆನು ಒಲೆ ಆರ್ಸಿ, “ಅವಂಗೆ ನಾಳೆ ಬರದು ಬ್ಯಾಡ ಹೇಳು. ಆನೇ ಬತ್ತಿ” ಹೇಳ್ದಿ. ಅತ್ತಿಗೆಗೆ ನೆಗೆ ಬಂತು. ಯಂಗೆ ಬಂದಿದ್ದಿಲ್ಲೆ. ಎಂತಕ್ಕೆ ಹೇಳದನ್ನ ಇವತ್ತು ಬರೀತಾ ಇದ್ದಿ. ನಿಂಗವೆಲ್ಲ ದೀಪಾವಳಿಗೆ ಮುಂಚೆ ಅಟ್ಟಕ್ಕೆ ಕೈ ಹಾಕ್ತ್ರಿ ಹೇಳಿ ಗೊತ್ತಿದ್ದು, ಅದಕ್ಕೇ ಈಗ.

ಆನು ಈ ಮನೆಗೆ ಸೊಸೆಯಾಗಿ ಬಂದಿದ್ದು 1991ರಲ್ಲಿ, ಪಿಯುಸಿ ಮುಗ್ಸಿದ ಮರುವರ್ಷ. ಮಾವಯ್ಯ ಪ್ರಾಥಮಿಕ ಶಾಲೆ ಮಾಸ್ತರು. ಕವಳ, ಯಕ್ಷಗಾನ ಎಲ್ಲ ಬೇರೆಯವರಂಗೇ ಇತ್ತು. ಅದರ ಮೇಲೆ ಒಂದು ಹುಚ್ಚು ಹೆಚ್ಚಿಗೆ, ವಿಜ್ಞಾನದ ಕತೆ ಮತ್ತೆ ಕಾದಂಬರಿ. ಹುಬ್ಬಳ್ಳಿ, ಧಾರವಾಡಕ್ಕೆ ಹೋದಾಗ ಒಂದಾದ್ರೂ ಪುಸ್ತಕ ಚೀಲದಲ್ಲಿ ಬರ್ತಿತ್ತು. ಮೊದಲ ಪುಟದಲ್ಲಿ ತಾರೀಕು, ಊರು, ಕೆಳಗೆ “ಮಳೆ ಜೋರು” ಅಥವಾ “ಬಸ್ಸು ತಪ್ಪಿತು” ಹೇಳಿ ಒಂದು ಸಾಲು ಬರೆದಿಡ್ತಿದ್ದ. ಆ ಪುಸ್ತಕ ಎಲ್ಲ ಅಟ್ಟದ ತಗಡಿನ ಟ್ರಂಕಲ್ಲಿ.

1996ರಲ್ಲಿ ಮಾವಯ್ಯ ಹೋದ. ಮರುವರ್ಷ ಚೌತಿ ಮುಂಚೆ ಆನು ಅಟ್ಟ ತೆಗ್ದಿ. ಟ್ರಂಕು ತೆರೆದ್ರೆ ಬೂಷ್ಟಿನ ವಾಸನೆ. ಮಗಳು ಸಣ್ಣಕಿದ್ದಿತ್ತು, ಅದಕ್ಕೆ ಬೇರೆ ಕೆಮ್ಮು. ರದ್ದಿಯವ ಅಂಗಳದಲ್ಲೇ ನಿಂತಿದ್ದ. ಯಾರ ಹತ್ರನೂ ಕೇಳಿದ್ನಿಲ್ಲೆ. ಪುಸ್ತಕ, ವಾರಪತ್ರಿಕೆ, ಪಂಚಾಂಗ ಎಲ್ಲ ಒಟ್ಟಿಗೆ ತೂಕಕ್ಕೆ ಹಾಕ್ದಿ. ಒಂದು ಸ್ಟೀಲ್ ಬೋಗಣಿ ಕೊಟ್ಟ, ಮೇಲಿಂದ ಹದಿನೆಂಟು ರೂಪಾಯಿ. ಆ ಬೋಗಣಿ ಈಗ್ಲೂ ಇದ್ದು. ಹಾಲು ಕಾಯಿಸಿದಾಗೆಲ್ಲ ನೆನಪಾಗ್ತು.

ಸಂಜೆಗೆ ನಮ್ಮನೆಯವು ಬಂದು ಖಾಲಿ ಟ್ರಂಕು ನೋಡಿ ಎಂತದೂ ಹೇಳಿದ್ವಿಲ್ಲೆ, ಕೈಕಾಲು ತೊಳ್ಕಂಡು ಒಳಗೆ ಹೋದ. ಬೈದಿದ್ರೆ ಚೊಲೋ ಇತ್ತು. ಅತ್ತೆ ಮಾತ್ರ ಬಾವಿಕಟ್ಟೆ ಹತ್ರ ಬಂದು ಕೇಳ್ತು, “ಅದರಲ್ಲಿ ಆನು ಹೊಲಿದಿದ್ದೂ ಇತ್ತನೇ ಕೂಸೆ?”

ಹೊಲಿದಿದ್ದು ಹೇಳಿದ್ರೆ ಎಂತದು ಹೇಳಿ ಯಂಗೆ ಆಗ ಗೊತ್ತಿತ್ತಿಲ್ಲೆ. ನಿಂಗ್ಳಲ್ಲಿ ವಯಸ್ಸಾದವಕ್ಕೆ ನೆನಪಿಕ್ಕು. ವಾರಪತ್ರಿಕೆಯಲ್ಲಿ ಧಾರಾವಾಹಿ ಬತ್ತಿದ್ರೆ ವಾರ ವಾರ ಆ ಹಾಳೆ ಬಿಡಿಸಿ, ಕತೆ ಮುಗಿದ ಮೇಲೆ ದಬ್ಬಣದಲ್ಲಿ ತೂತು ಮಾಡಿ ದಪ್ಪ ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕ್ತಿದ್ದ. ನಮ್ಮ ಕಡೆ ಆ ಕೆಲಸ ಹೆಂಗಸ್ರದ್ದೇ. ಅತ್ತೆ ಶಾಲೆಗೆ ಹೋಗಿದ್ದು ನಾಲ್ಕನೇ ಇಯತ್ತೆವರೆಗೆ. ರಾತ್ರಿ ಅಡಿಕೆ ಸುಲಿತಾ ಕೂತಾಗ ಮಾವಯ್ಯ ಗಟ್ಟಿಯಾಗಿ ಓದ್ತಿದ್ದ, ಅತ್ತೆ ಕೇಳ್ತಿತ್ತು. ಚಂದ್ರಲೋಕಕ್ಕೆ ಹೋಗದು, ಮನುಷ್ಯನಂಗೆ ಯೋಚನೆ ಮಾಡುವ ಯಂತ್ರ, ಎಲ್ಲ ಸುಲಿಗತ್ತಿ ಎದುರಿಗೇ. ಆನು ಮಾರಿದ್ದು ಬರೀ ಕಾಗದ ಅಲ್ಲ, ಅವರಿಬ್ಬರ ರಾತ್ರಿಗಳನ್ನ ಹೇಳಿ ಅವತ್ತು ತಿಳತ್ತು.

ಮರುದಿನ ಹೊನ್ನಾವರ ಪೇಟೆಗೆ ಹೋಗಿ ರದ್ದಿಯವನ ಹುಡುಕಿದಿ. ಲಾರಿ ರಾತ್ರಿಯೇ ಹೋಗಿತ್ತು.

ಅಲ್ಲಿಂದ ಶುರುವಾಗಿದ್ದು ಯನ್ನ ಈ ಸಂಗ್ರಹ. ಮೊದಲು ಪ್ರಾಯಶ್ಚಿತ್ತ ಹೇಳಿ ಮಾಡ್ದಿ, ಆಮೇಲೆ ಯಂಗೇ ರುಚಿ ಹತ್ತಿತು. ಮಾವಯ್ಯ ಹೆಸರು ಹೇಳ್ತಿದ್ದ ಪುಸ್ತಕ ನೆನಪು ಮಾಡ್ಕಂಡು ಒಂದು ಪಟ್ಟಿ ಮಾಡಿದ್ಯ, ಅತ್ತೆ ಮತ್ತೆ ಆನು. ತೇಜಸ್ವಿಯವರ ‘ಕರ್ವಾಲೊ’, ಧಾರವಾಡದ ರಾಜಶೇಖರ ಭೂಸನೂರಮಠರ ‘ಆಪರೇಷನ್ ಯುಎಫ್‌ಓ’, ‘ಮನ್ವಂತರ’, ಮನು ಬರೆದ ‘ಮಹಾಸಂಪರ್ಕ’. ‘ಕರ್ವಾಲೊ’ ವಿಜ್ಞಾನ ಕಾದಂಬರಿಯೇ ಅಲ್ಲ ಹೇಳುವವು ಇದ್ದ. ಇರಲಿ. ಅದರಲ್ಲಿ ಹುಡುಕ್ತಾ ಹೋಗುವ ಹಾರುವ ಓತಿ ನಮ್ಮ ಅಡಿಕೆ ತೋಟದಲ್ಲೂ ಮರದಿಂದ ಮರಕ್ಕೆ ತೇಲ್ತು. ಅತ್ತೆ ಆ ಕತೆ ಕೇಳಿದ ಮೇಲೇ ಅದನ್ನ ನಿಂತು ನೋಡಲೆ ಕಲ್ತದ್ದಡ. ಅದಕ್ಕಿಂತ ಮುಂಚೆ ಅದೂ ಒಂದು ಓತಿಕ್ಯಾತ, ಅಷ್ಟೇ.

ಮೊದಲನೇ ಮುದ್ರಣವೇ ಎಂತಕ್ಕೆ ಬೇಕು, ಹೊಸಾದು ತಗಂಡ್ರೆ ಅದೇ ಕತೆ ಇರ್ತಲ್ದಾ ಹೇಳಿ ನಮ್ಮನೆಯವೂ ಕೇಳಿದ್ದ. ‘ಕರ್ವಾಲೊ’ ವಿಷಯದಲ್ಲಿ ಅದು ಸರಿ. 1980ರಲ್ಲಿ ಬಂದ ಪುಸ್ತಕ, ಮತ್ತೆ ಮತ್ತೆ ಅಚ್ಚಾಯ್ದು, ಇವತ್ತು ಯಾವ ಅಂಗಡಿಗೆ ಹೋದ್ರೂ ಸಿಗ್ತು. ಆದರೆ ಎಲ್ಲ ಪುಸ್ತಕಕ್ಕೂ ಆ ಭಾಗ್ಯ ಇಲ್ಲೆ. ಕನ್ನಡದಲ್ಲಿ ಒಂದು ಸಾವಿರ ಪ್ರತಿ ಹಾಕಿ, ಅದು ಖರ್ಚಾಗಲೆ ವರ್ಷಗಟ್ಲೆ ಹಿಡಿದು, ಮತ್ತೆ ಅಚ್ಚಾಗದೇ ಹೋದ ಪುಸ್ತಕ ರಾಶಿ ಇದ್ದು. ಅವಕ್ಕೆ ಮೊದಲನೇ ಮುದ್ರಣವೇ ಕಡೇ ಮುದ್ರಣ. ಯಮ್ಮನೆ ಅಟ್ಟದಿಂದ ಹೋದ್ರೆ ಹೋತು. ಹೊಲಿದ ಧಾರಾವಾಹಿ ಇನ್ನೂ ಒಂದು ಹೆಜ್ಜೆ ಮುಂದೆ. 1956ರ ‘ಕಸ್ತೂರಿ’, 1965ರ ‘ಸುಧಾ’, 1968ರ ‘ಮಯೂರ’ ಶುರುವಾದಲ್ಲಿಂದ ನಮ್ಮ ಮನೆಗಳಿಗೆ ಕತೆ ಬಂದಿದ್ದೇ ಇಂಥ ಪತ್ರಿಕೆ ಮೂಲಕ. ಪತ್ರಿಕೆಯಲ್ಲಿ ಬಂದು ಪುಸ್ತಕ ಆಗದೇ ಇದ್ದ ಕತೆಗೆ ಅತ್ತೆ ಹೊಲಿದ ಆ ಕಟ್ಟೇ ಪುಸ್ತಕ.

ಹೊರದೇಶದಲ್ಲಿ ಮೊದಲನೇ ಮುದ್ರಣಕ್ಕೆ ದೊಡ್ಡ ದುಡ್ಡು. ಮೇರಿ ಶೆಲ್ಲಿ ಹೇಳುವ ಇಂಗ್ಲೆಂಡಿನ ಕೂಸು 18 ವರ್ಷಕ್ಕೆ ‘ಫ್ರಾಂಕನ್‌ಸ್ಟೈನ್’ ಬರೆಯಲೆ ಶುರು ಮಾಡಿತ್ತು. 1818ರಲ್ಲಿ ಮೂರು ಸಂಪುಟ ಅಚ್ಚಾದಾಗ ಹಾಕಿದ್ದು 500 ಪ್ರತಿ, ಅದರ ಮೇಲೆ ಬರೆದವಳ ಹೆಸರೂ ಇತ್ತಿಲ್ಲೆ. 2021ರಲ್ಲಿ ಅದರ ಒಂದು ಪ್ರತಿ ಹರಾಜಲ್ಲಿ 11 ಲಕ್ಷ 70 ಸಾವಿರ ಡಾಲರಿಗೆ ಹೋತು, ನಮ್ಮ ಲೆಕ್ಕದಲ್ಲಿ ಎಂಟು ಕೋಟಿ ಮೇಲೆ. ಕನ್ನಡದಲ್ಲಿ ಹಾಂಗೆಲ್ಲ ಇಲ್ಲೆ, ಆಸೆ ಬ್ಯಾಡ. ಆನು ಬೆಂಗಳೂರು ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಯಿಂದ ಮಗಳ ಕೈಲಿ ತರ್ಸಿದ್ದು ಹೆಚ್ಚಿನವು ನೂರು ರೂಪಾಯಿ ಒಳಗೇ. ಧಾರವಾಡಕ್ಕೆ ಮದುವೆಗೆ ಹೋದಾಗ ಸುಭಾಷ್ ರಸ್ತೆಯ ಮನೋಹರ ಗ್ರಂಥಮಾಲೆಗೂ ಹತ್ತಿ ಬಂದಿ. ಆ ಮೇಲಿನ ಕೋಣೆಗೆ ಸಾಹಿತಿಗಳೆಲ್ಲ ‘ಅಟ್ಟ’ ಹೇಳಿಯೇ ಕರೀತ. ಕೆಲವರ ಅಟ್ಟ ಪುಸ್ತಕ ಹುಟ್ಟುವ ಜಾಗ, ಯನ್ನ ಅಟ್ಟ ಪುಸ್ತಕ ಕಳೆದ ಜಾಗ ಹೇಳಿ ಮೆಟ್ಟಿಲಿಳಿತಾ ಗ್ರೇಶಿದಿ.

ಹುಡುಕ್ತಾ ಹೋದಾಂಗೆ ಇನ್ನೊಂದು ಕಂಡ್ತು. ಈ ಕತೆಗಳ ಹಿಂದೆ ಹೆಂಗಸ್ರು ರಾಶಿ ಇದ್ದ. 1905ರಲ್ಲಿ ರುಕಿಯಾ ಹೇಳುವ ಬಂಗಾಲದ ಹೆಂಗಸು ‘ಸುಲ್ತಾನಾಸ್ ಡ್ರೀಮ್’ ಬರೆದು ಮದ್ರಾಸಿನ ಒಂದು ಹೆಂಗಸರ ಪತ್ರಿಕೆಯಲ್ಲಿ ಅಚ್ಚು ಹಾಕ್ಸಿತು. ಆ ಲೋಕದಲ್ಲಿ ಗಂಡಸ್ರು ಮನೆ ಒಳಗೆ, ಹೆಂಗಸ್ರು ಊರಾಳದು. ಅಡಿಗೆ ಮಾಡದು ಬಿಸಿಲಿನ ಶಾಖದಲ್ಲಿ, ಹೊಗೆ ಇಲ್ಲೆ, ಮಸಿ ಇಲ್ಲೆ! ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡ್ಕಂಡ ಅತ್ತೆಗೆ ಈ ಕತೆ ಹೇಳಿದ್ರೆ, “ಅದು ಗಂಡಸ್ರು ಬರೆದಿದ್ದಲ್ಲ ಹೇಳಿ ಹೇಳದೇ ಬ್ಯಾಡ” ಹೇಳ್ತು.

ಜಯಂತ ನಾರಳೀಕರ್ ಗೊತ್ತಿಕ್ಕು, ದೊಡ್ಡ ಖಗೋಳ ವಿಜ್ಞಾನಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕತೆ ಸ್ಪರ್ಧೆಗೆ ತಮ್ಮ ಹೆಸರು ನೋಡಿ ಬಹುಮಾನ ಕೊಡದು ಬ್ಯಾಡ ಹೇಳಿ ಹೆಸರಿನ ಮೊದಲಕ್ಷರ ತಿರುಗಿಸಿ ನಾರಾಯಣ ವಿನಾಯಕ ಜಗತಾಪ್ ಹೇಳಿ ಕಳ್ಸಿದ್ದ. ಕೈಬರಹ ಗುರುತು ಸಿಕ್ಕದು ಬ್ಯಾಡ ಹೇಳಿ ಅದನ್ನ ಹೆಂಡತಿ ಮಂಗಲಾ ಹತ್ರ ಬರೆಸಿದ್ದ. ಅವರೂ ಗಣಿತದಲ್ಲಿ ಪಂಡಿತೆ. ಆ ‘ಕೃಷ್ಣವಿವರ’ ಕತೆಗೆ ಮೊದಲ ಬಹುಮಾನ ಬಂತು. 1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿನವು ಭಾರತದ ಭಾಷೆಗಳ ಇಂಥ ಕತೆ ಕೂಡ್ಸಿ ‘ಇಟ್ ಹ್ಯಾಪನ್ಡ್ ಟುಮಾರೊ’ ಹೇಳಿ ಇಂಗ್ಲಿಷಿನಲ್ಲಿ ಒಂದು ಸಂಕಲನ ತಂದ. ಸಂಪಾದಕರು ಬಾಳ ಫೋಂಡಕೆ. ನಾರಳೀಕರ್, ನಮ್ಮ ಭೂಸನೂರಮಠ ಇಬ್ಬರ ಕತೆಯೂ ಅದರಲ್ಲಿದ್ದು. ಮಗಳು ಅದನ್ನ ತಂದು ಕನ್ನಡದಲ್ಲಿ ಬಾಯಲ್ಲೇ ಹೇಳ್ತಿತ್ತು, ಅತ್ತೆ ಆನು ಕೇಳಿದ್ಯ.

ಈಗ ಯನ್ನ ಕಪಾಟಲ್ಲಿ ಇಪ್ಪತ್ಮೂರು ಪುಸ್ತಕ ಇದ್ದು. ಯಾವುದರಲ್ಲೂ “ಮಳೆ ಜೋರು” ಹೇಳಿ ಬರೆದಿದ್ದಿಲ್ಲೆ. ಬೇರೆಯವರ ಮಾವಯ್ಯಂದಿರ ಸಹಿ ಇದ್ದು.

ಕರ್ಕಿಗೆ ಹೋದಿ. ಎರಡು ಚೀಲ ಜಗಲಿಯಲ್ಲಿ ಸುರುವಿ ಕೂತ್ಯ. ಮುಕ್ಕಾಲು ಪಾಲು ಪಂಚಾಂಗ, ಶಾಲೆ ಪುಸ್ತಕ. ಅಡಿಯಲ್ಲಿ ಒಂದು ಹೊಲಿದ ಕಟ್ಟು ಸಿಕ್ತು. ರಟ್ಟು ಹೋಯ್ದು, ಮೊದಲಿನ ಎರಡು ಕಂತು ಇಲ್ಲೆ, ಹಾಂಗಾಗಿ ಹೆಸರೂ ಇಲ್ಲೆ. ಓದಿದ್ರೆ ಗಗನನೌಕೆ ಕತೆ! ಅತ್ತಿಗೆ, “ಇದು ನಮ್ಮ ಅಜ್ಜಿ ಹೊಲಿದಿದ್ದು, ಬೇಕಾದ್ರೆ ತಗಂಡು ಹೋಗು” ಹೇಳ್ತು. ಆನು ಬ್ಯಾಡ ಹೇಳ್ದಿ. ನಿಮ್ಮ ಅಜ್ಜಿದು ನಿಮ್ಮನೆಯಲ್ಲೇ ಇರಲಿ, ಓದಿ ವಾಪಸ್ ಕೊಡ್ತಿ ಹೇಳಿ ತಂದಿ.

ಅತ್ತೆಗೆ ಈಗ ಎಂಬತ್ನಾಲ್ಕು. ಕಣ್ಣು ಮಂಜು. ಕಟ್ಟನ್ನ ಕೈಯಲ್ಲಿ ತಿರುಗಿಸಿ, ಬೆರಳಲ್ಲಿ ದಾರ ಮುಟ್ಟಿ ನೋಡ್ತು. ಇದು ತನ್ನದಲ್ಲ ಹೇಳಿ ಅದಕ್ಕೆ ಗೊತ್ತಾತು. “ಹೊಲಿಗೆ ಗಟ್ಟಿ ಇಲ್ಲೆ. ದಾರ ಪೋಣ್ಸಿ ಕೊಡು” ಹೇಳ್ತು. ಆನು ಪೋಣ್ಸಿ ಕೊಟ್ಟಿ. ಹಳೇ ತೂತಲ್ಲೇ ದಾರ ಹಾಯ್ಸಿ ನಾಲ್ಕು ದಿನ ಕೂತು ಹೊಲಿತು. ಆನು ಪಕ್ಕದಲ್ಲಿ ಕೂತು ಮೂರನೇ ಕಂತಿಂದ ಗಟ್ಟಿಯಾಗಿ ಓದ್ದಿ. ಮಾರಿದ್ದರ ಬಗ್ಗೆ ಅತ್ತೆ ಅವತ್ತೂ ಎಂತದೂ ಹೇಳಿದ್ದಿಲ್ಲೆ, ಇವತ್ತೂ ಹೇಳಿದ್ದಿಲ್ಲೆ. “ಮುಂದೆ ಓದು” ಹೇಳ್ತು, ಅಷ್ಟೇ.

ನಿಂಗ್ಳ ಹತ್ರ ಕೇಳ್ಕಳದು ಇಷ್ಟೇ. ಚೀಲ ಅಂಗಳಕ್ಕೆ ಇಳ್ಸುವ ಮುಂಚೆ ಪ್ರತಿ ಪುಸ್ತಕದ ಹೆಸರಿನ ಪುಟ ಮಗುಚಿ ಹಿಂದೆ ನೋಡವು. “ಮೊದಲ ಮುದ್ರಣ” ಅಥವಾ “ಪ್ರಥಮ ಮುದ್ರಣ” ಹೇಳಿ ಒಂದೇ ಇಸವಿ ಇದ್ರೆ ಬದಿಗಿಡಿ. ಎರಡನೇ, ಮೂರನೇ ಮುದ್ರಣ ಹೇಳಿ ಸಾಲಾಗಿ ಇದ್ರೆ ಆ ಪುಸ್ತಕ ಬೇರೆ ಕಡೆಯೂ ಸಿಕ್ಕುಗು. ಒದ್ದೆ ವಾಸನೆ ಬಂದ್ರೆ ಬಿಸಿಲಿಗೆ ಹಾಕಡಿ, ಹಾಳೆ ಮುರಿತು. ನೆರಳಲ್ಲಿ ಗಾಳಿಗೆ ಹರವಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ರೆ ನಮ್ಮ ಊರ ಮಳೆಗೆ ಒಳಗೇ ಬೂಷ್ಟು ಹಿಡಿತು. ಹಳೇ ಹತ್ತಿ ಸೀರೆ ತುಂಡಲ್ಲಿ ಸುತ್ತಿ, ಪಕ್ಕದಲ್ಲಿ ಒಣಗಿದ ಬೇವಿನ ಸೊಪ್ಪು ಅಥವಾ ಬಜೆ ತುಂಡು ಇಡಿ. ಗೋಡೆಗೆ ತಾಗಿಸಿ ಇಡಡಿ, ಒರಲೆ ಬಪ್ಪದು ಅಲ್ಲಿಂದ. ಪಿನ್ನು ಹೊಡೆದಿದ್ದಿದ್ರೆ ತೆಗೆದು ದಾರ ಹಾಕಿ, ಪಿನ್ನು ತುಕ್ಕು ಹಿಡಿದು ಹಾಳೆ ತಿಂತು.

ಮತ್ತೆ ಹೊಲಿದ ಕಟ್ಟು ಸಿಕ್ಕಿದ್ರೆ, ಯಾವ ಕತೆಯೇ ಆಗಿರಲಿ, ಮನೆಯ ಹಿರಿಯವರ ಹತ್ರ ಒಂದು ಮಾತು ಕೇಳಿ. ಆನು ಕೇಳಿದ್ನಿಲ್ಲೆ.