ಕೋಡ್ ಕಟ್ಟೆ 14: ಹೆಸರಿಲ್ಲದ ಸಾಲ

ಡಿ ಭಾಷೆಯಲ್ಲಿ ಕೋಡ್ ಬರೀತೀರಾ? ಹಾಗಾದ್ರೆ ನನ್ನ ಎಡವಟ್ಟು ಕೇಳಿ.

ಅಮ್ಮನ ಅಂಗಡಿಯ ಸಾಲದ ಲೆಕ್ಕ ಉಳಿಸೋ ಪ್ರೋಗ್ರಾಂ. 'ವ್ಯಕ್ತಿ' ಕ್ಲಾಸಿನಿಂದ 'ಸಾಲಗಾರ' ಕ್ಲಾಸ್. ಯಾವ್ಯಾವ ಫೀಲ್ಡ್ ಉಳಿಸಬೇಕು ಅಂತ ಕಂಪೈಲ್ ಹೊತ್ತಿನಲ್ಲೇ ತಿಳಿಯೋಕೆ ಆಲ್‌ಮೆಂಬರ್ಸ್ ಬಳಸಿದೆ. ಮೂಲದ ಆಬ್ಜೆಕ್ಟ್ ಕ್ಲಾಸಿನ ಟುಸ್ಟ್ರಿಂಗ್, ಟುಹ್ಯಾಶ್ ಕೂಡ ಸಾಲಾಗಿ ಬಂದವು. ರೇಗಿ ಡಿರೈವ್ಡ್‌ಮೆಂಬರ್ಸ್ ಹಾಕಿದೆ. ಪಟ್ಟಿ ಚೊಕ್ಕಟ!

ಆಮೇಲೆ ಫೈಲ್ ತೆರೆದರೆ ಬಾಕಿ ಮೊತ್ತ ಇದೆ, ಯಾರದ್ದು ಅಂತ ಹೆಸರೇ ಇಲ್ಲ. ಹೆಸರು, ಫೋನ್ ಇದ್ದದ್ದು 'ವ್ಯಕ್ತಿ'ಯಲ್ಲಿ. ಡಿರೈವ್ಡ್‌ಮೆಂಬರ್ಸ್ ಕೊಡೋದು ಆ ಕ್ಲಾಸ್ ತಾನೇ ಬರೆದುಕೊಂಡದ್ದನ್ನು ಮಾತ್ರ. ಪುಣ್ಯಕ್ಕೆ ಅಮ್ಮ ಹಳೇ ನೋಟ್‌ಬುಕ್ ಬಿಸಾಡಿರಲಿಲ್ಲ.

ಈಗ ಬೇಸ್‌ಕ್ಲಾಸಸ್‌ಟಪಲ್ ಹಿಡಿದು ಒಂದೊಂದೇ ತಲೆಮಾರು ಮೇಲೇರಿ, ಪ್ರತಿಯೊಂದರ ಸ್ವಂತದ್ದನ್ನು ಕೂಡಿಸಿ, ಆಬ್ಜೆಕ್ಟ್ ಬಂದಾಗ ನಿಲ್ತೀನಿ.

ಜರಡಿ ಹಿಡಿದಾಗ ಮೇಲೆ ಉಳಿದದ್ದನ್ನಷ್ಟೇ ಅಲ್ಲ, ಕೆಳಗೆ ಬಿದ್ದದ್ದನ್ನೂ ಒಮ್ಮೆ ನೋಡಿ.