ಭೀಮೆಯಿಂದ ಕೃಷ್ಣೆಯವರೆಗೆ: ಪರೀಕ್ಷಾರ್ಥಿಗಳ ಸೀಮೆ

ವಿಜಯಪುರ ಜಿಲ್ಲೆಯೆಂದೊಡನೆ ವಾಚಕರ ಕಣ್ಮುಂದೆ ಗೋಲಗುಮ್ಮಟವೇ ನಿಲ್ಲುವುದು. ಪ್ರವಾಸಿಗಳು ಅದನ್ನು ಕಂಡು, ಅದರೊಳಗೆ ಒಮ್ಮೆ ಕೂಗಿ ಪ್ರತಿಧ್ವನಿಯನ್ನು ಕೇಳಿ ಮರಳುವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನು ನೋಡಲೆಂದೇ ಬರುವವರು ವಿರಳ. ಈ ನಾಲ್ಕು ಊರುಗಳಲ್ಲಿ ಸದ್ದಿಲ್ಲದೆ ನಡೆದಿರುವ ಒಂದು ಉದ್ಯಮವನ್ನು ಕಾಣಬೇಕೆಂದು ನಾವು ಹೊರಟೆವು. ಸರಕಾರಿ ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆಯೇ ಆ ಉದ್ಯಮ.

ಸೊಲ್ಲಾಪುರದಿಂದ ಬರುವ ರೈಲು ಭೀಮೆಯನ್ನು ದಾಟಿ ಕನ್ನಡ ನಾಡನ್ನು ಹೊಗುವುದು. ಇಂಡಿ ರೋಡ್ ನಿಲ್ದಾಣದಲ್ಲಿಳಿದು ಊರಿಗೆ ಮತ್ತೆ ರಸ್ತೆಯ ದಾರಿ ಹಿಡಿಯಬೇಕು. ಇಂಡಿಯ ನಿಂಬೆ ದೂರದೂರದ ಪೇಟೆಗಳಿಗೆ ಹೋಗುವುದು. ಆದರೆ ತೋಟಕ್ಕೆ ನೀರುಳ್ಳವನಿಗೆ ಮಾತ್ರ ನಿಂಬೆ. ಉಳಿದವರು ಮುಗಿಲನ್ನೇ ನೋಡಬೇಕು. ಮಳೆ ಬರಲಿ ಬಿಡಲಿ, ತಿಂಗಳ ಕೊನೆಗೆ ತಪ್ಪದೆ ಬರುವ ಬೆಳೆಯೆಂದರೆ ಸಂಬಳವೊಂದೇ ಎಂಬುದು ಇಲ್ಲಿಯ ಒಕ್ಕಲಿಗರು ಬಹುಕಾಲದಿಂದ ಕಂಡುಕೊಂಡ ಸತ್ಯ. ಆದುದರಿಂದ ಇವರ ಮಕ್ಕಳು ತಲಾಠಿಯ ಹುದ್ದೆಯಿಂದ ಹಿಡಿದು ಕಲೆಕ್ಟರರ ಹುದ್ದೆಯವರೆಗೆ ಎಲ್ಲಕ್ಕೂ ಆಸೆಪಡುವರು.

ಈ ಪರೀಕ್ಷೆಯ ಇತಿಹಾಸವೂ ಕುತೂಹಲಕರವಾದುದು. ಇಂಡಿಯನ್ ಸಿವಿಲ್ ಸರ್ವಿಸಿಗೆ ಬಹಿರಂಗ ಸ್ಪರ್ಧೆಯು 1855ರಲ್ಲಿ ಆರಂಭವಾಯಿತು, ಆದರೆ ಲಂಡನ್ನಿನಲ್ಲಿ! ಭಾರತದ ನೆಲದಲ್ಲಿಯೂ ಅದನ್ನು ನಡೆಸತೊಡಗಿದುದು 1922ರಲ್ಲಿ. ಈಗ ಸಮುದ್ರ ದಾಟಬೇಕಾಗಿಲ್ಲವಾದರೂ ಬಾಗಿಲು ಅಗಲವಾಯಿತೆನ್ನುವಂತಿಲ್ಲ. ಕೇಂದ್ರ ಲೋಕಸೇವಾ ಆಯೋಗದ 2023ರ ಪರೀಕ್ಷೆಗೆ ಹತ್ತು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು; ಕೊನೆಗೆ ಆಯ್ಕೆಯಾದವರು 1,016 ಮಂದಿ.

ಇಂಡಿಯಿಂದ ಸಿಂದಗಿಗೆ ಬಂದೆವು. ವಚನ ಸಾಹಿತ್ಯದ ಸಂಶೋಧಕರಾದ ಎಂ. ಎಂ. ಕಲಬುರ್ಗಿಯವರು 1938ರಲ್ಲಿ ಈ ತಾಲೂಕಿನ ಯರಗಲ್ಲಿನಲ್ಲಿ ಜನಿಸಿದರು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿದೆವು. ತಾಲೂಕಿನ ಮೇರೆಯನ್ನು ದಾಟಿದರೆ ಕಲಬುರ್ಗಿ ಜಿಲ್ಲೆ. ಅಲ್ಲಿಯ ತರುಣರಿಗೆ ಸಂವಿಧಾನದ 371ಜೆ ವಿಧಿಯ ಮೇರೆಗೆ ಪ್ರಾದೇಶಿಕ ಮೀಸಲಾತಿಯುಂಟು, ಈಚೆಯವರಿಗಿಲ್ಲ. ಅದೇ ಕರಿಯ ನೆಲ, ಅದೇ ಜೋಳದ ರೊಟ್ಟಿ, ಅದೇ ಬರಗಾಲ. ಆದರೆ ಒಬ್ಬನಿಗೆ ಊರುಗೋಲುಂಟು, ಇನ್ನೊಬ್ಬನು ಬರಿಗೈಯಿಂದ ನಡೆಯಬೇಕು. ಹಳೆಯ ನಿಜಾಮಶಾಹಿ ಹಾಗೂ ಮುಂಬಯಿ ಪ್ರಾಂತ್ಯಗಳ ಗಡಿಯು ಅಳಿದು ಎಷ್ಟೋ ವರ್ಷಗಳಾದರೂ ಪರೀಕ್ಷಾರ್ಥಿಯ ಪಾಲಿಗೆ ಅದಿನ್ನೂ ಅಳಿದಿಲ್ಲ.

ತಾಳಿಕೋಟೆಯ ಮೇಲಿಂದ ಮುದ್ದೇಬಿಹಾಳಕ್ಕೆ ಹೋದೆವು. ವಾಚನಾಲಯದಲ್ಲಿ ಮುಂಜಾನೆಯೇ ಸ್ಥಳ ಹಿಡಿದು ಕುಳಿತ ತರುಣ ತರುಣಿಯರನ್ನು ಕಂಡು ಸಂತೋಷವಾಯಿತು. ಕೋಣೆ ಬಾಡಿಗೆ ಹಿಡಿದು ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ಓದಲು ಶಕ್ತಿಯಿಲ್ಲದವರಿಗೆ ಇಂತಹ ಕಟ್ಟೆಯೇ ಗುರುಕುಲ. ಇವರಲ್ಲಿ ಬಹುಜನರು ಕನ್ನಡ ಶಾಲೆಯಲ್ಲಿ ಕಲಿತವರು. ಕೇಂದ್ರದ ಮುಖ್ಯ ಪರೀಕ್ಷೆಗೆ ಕನ್ನಡದಲ್ಲಿ ಉತ್ತರ ಬರೆಯಬಹುದು. ಆದರೆ ಮೊದಲ ಹಂತದ ಪ್ರಶ್ನೆಪತ್ರಿಕೆ ಬರುವುದು ಹಿಂದಿ, ಇಂಗ್ಲಿಷುಗಳಲ್ಲಿ ಮಾತ್ರ. ಅಲ್ಲಿ ತಪ್ಪುತ್ತರಕ್ಕೆ ಮೂರನೆಯ ಒಂದು ಪಾಲು ಅಂಕ ಕಡಿತವಾಗುವುದರಿಂದ, ಪ್ರಶ್ನೆ ಅರ್ಥವಾಗದಿರುವುದೂ ಒಂದು ದಂಡವೇ ಸರಿ.

ನಮ್ಮದೇ ರಾಜ್ಯದ ಪರೀಕ್ಷೆಯಲ್ಲಾದರೂ ಕನ್ನಡಕ್ಕೆ ಕ್ಷೇಮವುಂಟೋ? ಕರ್ನಾಟಕ ಲೋಕಸೇವಾ ಆಯೋಗವು 384 ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದವು ಎಷ್ಟು ಕೆಟ್ಟಿತ್ತೆಂದರೆ ಮರುಪರೀಕ್ಷೆಯನ್ನೇ ಮಾಡಬೇಕಾಯಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲಿಯೂ ಅನುವಾದದ ತಪ್ಪುಗಳ ಕುರಿತು ದೂರುಗಳೆದ್ದವು. ನಾಲ್ಕು ವರುಷ ದೀಪದೆದುರು ಕುಳಿತವನು ತನ್ನ ತಾಯಿನುಡಿಯ ಪ್ರಶ್ನೆಯನ್ನೇ ತಿಳಿಯದೆ ಇಂಗ್ಲಿಷಿನ ಸಾಲನ್ನು ತಡಕುವ ಸ್ಥಿತಿಗಿಂತ ಖೇದಕರವಾದುದು ಬೇರೇನಿದೆ? ಇವರು ಕೇಳುವುದು ದಯೆಯನ್ನಲ್ಲ, ಶುದ್ಧವಾದ ಪ್ರಶ್ನೆಯನ್ನು.

ಕೊನೆಯ ಮುಕ್ಕಾಮು ಬಸವನ ಬಾಗೇವಾಡಿ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಜನಿಸಿದ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿ ರಾಜ್ಯದ ಬೊಕ್ಕಸವನ್ನು ನೋಡಿಕೊಂಡವರು. ಅಧಿಕಾರಿಯ ಶುಚಿತ್ವಕ್ಕೆ ಈ ನಾಡಿನವರು ದೂರದ ನಿದರ್ಶನವನ್ನು ಅರಸಬೇಕಾಗಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಅವರ ಬೋಧೆಯು, ಹುದ್ದೆ ದೊರೆತವನಿಗೆಷ್ಟೋ ದೊರೆಯದವನಿಗೂ ಅಷ್ಟೇ ಬೇಕಾದುದು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಅರಿಕೆಯೊಂದಿದೆ. ಕೇಂದ್ರದ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರಿಗೆ ಆರು ಸಲ ಅವಕಾಶವುಂಟು, ವಯೋಮಿತಿ 32. ಆ ಮಿತಿಯನ್ನು ಸರಕಾರ ಹಾಕುವ ಮೊದಲೇ ಮನೆಯವರು ಕೂಡಿ ಕುಳಿತು ತಮ್ಮದೊಂದು ಮಿತಿಯನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಅಷ್ಟು ವರುಷ ಮಗನಿಗೆ ಕೊಟ್ಟಂತೆ ಮಗಳಿಗೂ ನಿಶ್ಚಿಂತೆಯಾಗಿ ಓದಗೊಡಿರಿ. ಮದುವೆಯ ಮಾತೆತ್ತಿ ಅವಳ ಪುಸ್ತಕ ಮುಚ್ಚಿಸಬೇಡಿರಿ. ಹೊಲ ಮಾರಿ ಓದಿಸಬೇಡಿರಿ. ಜೊತೆಗೆ ಇನ್ನೊಂದು ಕಸುಬನ್ನು ಕಲಿಸಿರಿ. ಸೋತು ಬಂದವರನ್ನು ನೆರೆಹೊರೆಯವರೆದುರು ಹಂಗಿಸದಿರಿ. ಸಂವಿಧಾನವನ್ನೂ ನಾಡಿನ ಚರಿತ್ರೆಯನ್ನೂ ಓದಿ ಬಲ್ಲ ತರುಣನೊಬ್ಬನು ಊರಿನಲ್ಲಿಯೇ ಉಳಿದರೆ, ಪಂಚಾಯತಿಯಲ್ಲಿ ಕಾಗದವನ್ನು ಓದಿ ಪ್ರಶ್ನೆ ಕೇಳುವವನೊಬ್ಬನು ಊರಿಗೆ ದೊರೆತನೆಂದೇ ತಿಳಿಯಬೇಕು.