ತವರಿಗೆ ಬಂದ ಕೊಕ್ಕರೆಗಳು

ಬೆಂಗಳೂರಿನಿಂದ ಮೈಸೂರಿನತ್ತ ಹೊರಟವರು ಹಳೆಯ ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿ ಸಾಗಿದರೆ ಕೊಕ್ಕರೆ ಬೆಳ್ಳೂರು. ಬೇಸಿಗೆ ರಜೆಯಲ್ಲಿ ಅಪ್ಪ-ಅಮ್ಮನ ಕೈ ಹಿಡಿದು ಬಂದ ಪುಟ್ಟ ಅಕ್ಕತಂಗಿಯರಿಗೆ ಇಲ್ಲಿ ಕತ್ತೆತ್ತಿದಲ್ಲೆಲ್ಲ ಪಾಠ. ಮನೆಗಳ ನಡುವಿನ ಹುಣಸೆಮರದಲ್ಲಿ ಬಣ್ಣದ ಕೊಕ್ಕರೆ ರೆಕ್ಕೆ ಹರಡಿ ಮರಿಗಳಿಗೆ ನೆರಳಾಗಿದೆ. ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲಚೀಲಕ್ಕೆ ತಲೆ ತೂರಿಸಿ ಮೀನು ತಿನ್ನುತ್ತಿದೆ. ಅಕ್ಕ ಗೂಡು ಎಣಿಸಿದರೆ, ತಂಗಿ ವಾಸನೆಗೆ ಮೂಗು ಮುಚ್ಚುತ್ತಾಳೆ.

ಆ ಹಿಕ್ಕೆ ಹೊಲಕ್ಕೆ ಗೊಬ್ಬರ. ಆದರೆ ಗೂಡಿರುವ ಮರದ ಹುಣಸೆಯ ಆಸೆಯನ್ನು ಒಡೆಯ ಬಿಡಬೇಕು. ‘ಹಾಗಾದರೆ ಓಡಿಸಬಾರದೇ?’ ಅಕ್ಕನ ಪ್ರಶ್ನೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಓಡಿಸುವುದುಂಟೇ ಎನ್ನುತ್ತಾರೆ ಊರವರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ನಂಟು ಅದಕ್ಕಿಂತ ಎಷ್ಟೋ ಹಳೆಯದು. ಮರಗಳೂ ಮೀನಿರುವ ಕೆರೆಗಳೂ ಉಳಿದರೆ ಈ ಹೆಣ್ಣುಮಕ್ಕಳು ಮುಂದಿನ ವರ್ಷವೂ ಬಂದಾರು.